ನಾಲ್ಕು ಬೆರಳಿನ ಚುಕ್ಕಿ ಆರು ಬೆರಳಾದ ಬಗ್ಗೆ

ಕಾಲುವೆ ಅಗಲೀಕರಣ ಯೋಜನೆಯ ಮುಖ್ಯ ಇಂಜಿನಿಯರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕಾಲುವೆ ಅಗಲ ಮಾಡಲೆಂದು ನಮ್ಮ ದಿಣ್ಣೆಯ ಬುಡ ಕಡಿಯುತ್ತಿದ್ದೀರಿ. ದಿಣ್ಣೆ ಕುಸಿಯುತ್ತಿದೆ. ದಿಣ್ಣೆಯ ಮೇಲೆ ನಮ್ಮ ಮನೆ ಇದೆ, ಮನೆಯ ಹಿಂದಿನ ಕೋಣೆಯಲ್ಲಿ ಐದು ತಿಂಗಳ ನನ್ನ ಮಗಳ ತೊಟ್ಟಿಲಿತ್ತು. ದೂರು ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಹನ್ನೊಂದು ಸಲ ತಮ್ಮ ಕಚೇರಿಗೆ ಬರೆದಿದ್ದೇನೆ. ಹತ್ತು ಸಲ ತಮ್ಮ ಕಂಪ್ಯೂಟರು ಅರ್ಧ ನಿಮಿಷದೊಳಗೆ ಧನ್ಯವಾದ ಹೇಳಿ, ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು. ಒಂದು ಸಲ ಮಾತ್ರ ಮನುಷ್ಯರು ಉತ್ತರಿಸಿದರು. ಆ ಉತ್ತರದ ವಿಚಾರ ಮುಂದೆ ಬರುತ್ತದೆ. ತಮ್ಮ ಪ್ರತಿ ನೋಟಿಸಿನ ಕೆಳಗೂ ಸಣ್ಣ ಅಕ್ಷರದಲ್ಲಿ, ಬೇರೆ ಭಾಷೆಯಲ್ಲಿ ವ್ಯವಹರಿಸಬೇಕೆಂದರೆ ಉಚಿತ ಅನುವಾದದ ನೆರವು ಕೊಡಲಾಗುವುದು ಎಂದಿದೆ. ಬಹಳ ಸಂತೋಷ. ಆದ್ದರಿಂದ ಈ ಸಲ ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಅನುವಾದ ಮಾಡುವ ಪುಣ್ಯಾತ್ಮರಾದರೂ ಇದನ್ನು ಕೊನೆಯವರೆಗೆ ಓದಲೇಬೇಕಾಗುತ್ತದಲ್ಲ.

ನಮ್ಮದು ಅಮೆರಿಕದ ಪಶ್ಚಿಮ ಕರಾವಳಿಯ ಡಬ್ಲಿನ್‌ನಿಂದ ಡ್ಯಾನ್‌ವಿಲ್ ಕಡೆಗೆ ಹೋಗುವಾಗ ಫ್ರೀವೇಯಿಂದ ಕಾಣುವ ದಿಣ್ಣೆಗಳಲ್ಲೊಂದರ ಮೇಲೆ ಹದಿನಾಲ್ಕು ಟೌನ್‌ಹೌಸುಗಳ ಸಾಲು. ಹಿತ್ತಿಲು ಮುಗಿದಲ್ಲಿ ಇಳಿಜಾರು, ಇಳಿಜಾರಿನ ಬುಡದಲ್ಲಿ ಮಳೆನೀರಿನ ಕಾಲುವೆ. ಬೇಸಿಗೆಯಲ್ಲಿ ಬಾತುಕೋಳಿ ಕೂಡ ಅದರಲ್ಲಿ ಈಜುವುದಿಲ್ಲ, ನಡೆದುಕೊಂಡೇ ದಾಟುತ್ತದೆ. ಇಲ್ಲಿ ಚಳಿಯ ಜೊತೆಗೇ ಬರುವ ಮಳೆಗಾಲದಲ್ಲಿ ಮಾತ್ರ ಮೂರು ನಾಲ್ಕು ದಿನ ಉಕ್ಕುತ್ತದೆ. ಎರಡು ವರ್ಷದ ಹಿಂದೆ ಉಕ್ಕಿ ಕೆಳಗಿನ ಬಡಾವಣೆಯ ಮನೆಗಳಿಗೆ ನುಗ್ಗಿತ್ತು. ಹಾಗಾಗಿ ಅಗಲ ಮಾಡಬೇಕಾದ್ದು ನ್ಯಾಯವೇ, ನನ್ನ ತಕರಾರು ಅದಕ್ಕಲ್ಲ. ಆದರೆ ಕಾಲುವೆಗೆ ಎರಡು ದಂಡೆಗಳಿವೆ. ಆಚೆ ದಂಡೆಯಲ್ಲಿರುವುದು ಕೊರೊನಾ ಕಾಲದಲ್ಲಿ ಬೀಗ ಹಾಕಿದ ಒಂದು ಆಫೀಸಿನ ಪಾರ್ಕಿಂಗ್ ಜಾಗ, ಸಮತಟ್ಟು, ಖಾಲಿ. ಈಚೆ ದಂಡೆಯಲ್ಲಿರುವುದು ದಿಣ್ಣೆ, ದಿಣ್ಣೆಯ ಮೇಲೆ ನಾವು. ತಮ್ಮ ನಕ್ಷೆ ಆರಿಸಿಕೊಂಡದ್ದು ಈಚೆ ದಂಡೆಯನ್ನು. ಅಲ್ಲಿಲ್ಲದ ಕಾರುಗಳಿಗೆ ತೊಂದರೆಯಾಗಬಾರದೆಂಬ ತಮ್ಮ ಕಾಳಜಿಯನ್ನು ನೆನೆದರೆ ಕಣ್ಣು ತುಂಬಿ ಬರುತ್ತದೆ.

ಹೋದ ಬೇಸಿಗೆಯಲ್ಲಿ ಯಂತ್ರಗಳು ಬಂದವು. ಬುಡ ಕಡಿದವು. ಡಿಸೆಂಬರಿನ ಮೊದಲ ದೊಡ್ಡ ಮಳೆಗೆ ಇಳಿಜಾರು ಜಾರಿ ಕಾಲುವೆಗೆ ಬಿತ್ತು. ತಾವು ಮಣ್ಣನ್ನೆಲ್ಲ ಟ್ರಕ್ಕುಗಳಲ್ಲಿ ಸಾಗಿಸಿ, ನಕ್ಷೆಯಲ್ಲಿ ಯಾವ ಗೆರೆ ಇತ್ತೋ ಸರಿಯಾಗಿ ಅದೇ ಗೆರೆಗೆ ಮತ್ತೆ ಕಡಿದಿರಿ. ಜನವರಿಯಲ್ಲಿ ಮತ್ತೆ ಜಾರಿತು. ಮತ್ತೆ ಸಾಗಿಸಿ ಮತ್ತೆ ಅದೇ ಗೆರೆಗೆ ಕಡಿದಿರಿ. ಫೆಬ್ರುವರಿಯಲ್ಲಿ ಜಾರಿದಾಗ ಪಕ್ಕದ ಮನೆಯ ಬೇಲಿಯೂ, ಬೇಲಿಗೆ ಹಬ್ಬಿಸಿದ್ದ ಅವರೆ ಬಳ್ಳಿಯೂ ಜೊತೆಗೆ ಹೋದವು. ಮೂರು ಸಲವೂ ನಮಗೆ ಬಂದ ನೋಟಿಸಿನಲ್ಲಿ ಕುಸಿತ ಎಂಬ ಮಾತಿಲ್ಲ. ‘ಇಳಿಜಾರಿನ ಸ್ವಾಭಾವಿಕ ಹೊಂದಾಣಿಕೆ’ ಎಂದಿದೆ. ಹೊಂದಾಣಿಕೆ! ಮದುವೆಯಾದ ವರ್ಷ ಊರಿನ ಹಿರಿಯರೆಲ್ಲ ನನಗೆ ಹೇಳಿದ್ದೂ ಇದೇ ಮಾತು. ಆಗಲೂ ಅದರ ಅರ್ಥ, ಜಾರುವವಳು ನೀನು, ಗೆರೆ ಮಾತ್ರ ಕದಲುವುದಿಲ್ಲ ಎಂದೇ ಇತ್ತು.

ಬೇಲಿ ಕಳೆದುಕೊಂಡ ಪಕ್ಕದ ಮನೆಯವರ ಹೆಸರು ಅಪ್ಪಾಸಾಹೇಬ. ಮಗಳು ವಿಜಯಶ್ರೀಯ ಜೊತೆಗಿದ್ದಾರೆ. ನೀರಾವರಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರಾಗಿ ವಿಜಯಪುರದ ಕಡೆ ಮೂವತ್ತು ವರ್ಷ ಕಾಲುವೆ ತೋಡಿಸಿದವರು. ಬೇಲಿ ಬಿದ್ದ ದಿನ ಅವರು ಕೂಗಾಡಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿ, ಹುರಿಮಾಡಿ, ನನಗೆ ತೋರಿಸಿದರು.

“ಯವ್ವಾ, ಇದು ನಮ್ಮ ಕಡೀ ಎರಿ ಮಣ್ಣಿನ ಅಣ್ಣತಮ್ಮ ನೋಡು. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ನೀರ ಕುಡದು ಹೊಟ್ಟಿ ಉಬ್ಬಸತೈತಿ. ಇಂಥಾದರ ಕಾಲ ಕಡದರ ಅದು ನಿಂದರೂದಿಲ್ಲ.”

“ಹಾಗಾದ್ರೆ ಏನು ಮಾಡ್ಬೇಕು ಕಾಕಾ?”

“ಏನ ಮಾಡೂದು? ಕಡಿಯೂದು ಬಿಟ್ಟು ಕಾಲಿಗೆ ಕಲ್ಲ ಒಟ್ಟಬೇಕು. ಭಾರ ಕೆಳಗ ಇರಬೇಕವ್ವಾ, ಗುಂಡೀ ಅಲ್ಲ.”

ಇದನ್ನು ನಾನು ಆರನೆಯ ಇಮೇಲಿನಲ್ಲಿ ಬರೆದಿದ್ದೆ. ಅದಕ್ಕೂ ನಕ್ಷತ್ರ ಕೇಳಿದಿರಿ.

ಈಗ ನನ್ನ ಮನೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ತಮ್ಮ ಕಚೇರಿಯಲ್ಲಿ ಆ ಪದ್ಧತಿ ಇಲ್ಲವಾದ್ದರಿಂದ ಹೇಗೆ ಮಾಡುವುದೆಂದು ಒಂದು ಮಾದರಿ ಇರಲಿ.

ನನ್ನ ಬಾಣಂತನಕ್ಕೆಂದು ಅಮ್ಮ ಅಕ್ಟೋಬರಿನಲ್ಲಿ ಮೈಸೂರಿನಿಂದ ಬಂದಳು. ಹೆಸರು ಸತ್ಯವತಿ. ಬೆಳಗ್ಗೆ ರಂಗೋಲಿ ಹಾಕದೆ ಕಾಫಿ ಮುಟ್ಟುವವಳಲ್ಲ. ಮುಂಬಾಗಿಲ ಮುಂದೆ ಜಾಗವಿಲ್ಲ, ಕಾಲುದಾರಿ ಎಲ್ಲರಿಗೂ ಸೇರಿದ್ದು. ಹಾಗಾಗಿ ಹಿತ್ತಿಲಿನ ಕಾಂಕ್ರೀಟು ಹಾಸಿನ ಮೇಲೆ ಹಾಕುತ್ತಿದ್ದಳು. ಆದರೆ ಮಂಗಳವಾರಕ್ಕೊಮ್ಮೆ ಬಡಾವಣೆಯ ತೋಟದವರು ಎಲೆ ಊದುವ ಯಂತ್ರ ಹೆಗಲಿಗೇರಿಸಿ ಬಂದು ಹದಿನೈದು ಸೆಕೆಂಡಿನಲ್ಲಿ ಎಲ್ಲವನ್ನೂ ಹಾರಿಸಿಬಿಡುತ್ತಿದ್ದರು. ಅಮ್ಮ ಮೂರು ತಿಂಗಳು ತಾಳಿಕೊಂಡಳು. ಸಂಕ್ರಾಂತಿಗೆ ಮುಂಚೆ ನಾಲ್ಕು ದಿನ ಬಿಸಿಲು ಬಿದ್ದಾಗ, “ಇವರಪ್ಪನ ಆಣೆಗೂ ಹಾರಿಸಕ್ಕಾಗ್ಬಾರ್ದು ನೋಡು” ಎಂದು ಸುಜಯ್ ಕೈಲಿ ಬಿಳಿ ಪೇಂಟಿನ ಡಬ್ಬ ತರಿಸಿ, ಹದಿನೈದರಿಂದ ಎಂಟಕ್ಕೆ ಇಳಿಯುವ ನಡುಚುಕ್ಕಿ ರಂಗೋಲಿಯನ್ನು ಕಾಂಕ್ರೀಟಿನ ಮೇಲೆ ಶಾಶ್ವತವಾಗಿ ಬರೆದಳು. ಸುಜಯ್ ನನ್ನ ಗಂಡ. ಮಿಲ್ಪಿಟಾಸ್‌ನಲ್ಲಿ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷಿಸುವ ಕೆಲಸ. ಚುಕ್ಕಿಗಳ ನಡುವೆ ಅವನು ಸ್ಕೇಲು ಹಿಡಿದು ನೋಡಿ ಬೆರಗಾದ: ಎಲ್ಲೆಲ್ಲೂ ಒಂದೇ ಅಂತರ. ಅಮ್ಮ ಸ್ಕೇಲಿನ ಕಡೆ ತಿರುಗಿಯೂ ನೋಡದೆ, “ನಾಲ್ಕು ಬೆರಳು ಕಣಪ್ಪ, ಅದಕ್ಕೇನು ಅಳತೆ?” ಅಂದಳು.

ಜನವರಿ ಕೊನೆಯಲ್ಲಿ ಕಾಂಕ್ರೀಟು ಬಿರಿಯಿತು. ಸಣ್ಣ ಕೂದಲೆಳೆಯಂಥ ಬಿರುಕು, ರಂಗೋಲಿಯ ನಡುವೆ ಹಾದು, ಗೆರೆಗಳನ್ನು ತುಂಡರಿಸಿತು. ನಾನಾಗ ಎರಡೆರಡು ಗಂಟೆಗೆ ಎದ್ದು ಹಾಲೂಡಿಸುತ್ತ, ಹಗಲಿಗೂ ಇರುಳಿಗೂ ವ್ಯತ್ಯಾಸ ತಿಳಿಯದೆ ಓಡಾಡುತ್ತಿದ್ದವಳು. ಹಿತ್ತಿಲಿನ ಕಡೆ ತಲೆ ಹಾಕಿರಲಿಲ್ಲ. ಬಿರುಕನ್ನು ನೋಡಿದವಳು ಅಮ್ಮ ಒಬ್ಬಳೇ. ನೋಡಿ ಏನು ಮಾಡಿದಳು? ಗೋಡೆಯ ಮೊಳೆ ತೂತು ಮುಚ್ಚಲು ಸುಜಯ್ ತಂದಿಟ್ಟಿದ್ದ ಪುಟ್ಟಿಯನ್ನು ಬಿರುಕಿಗೆ ಮೆತ್ತಿ, ಮೇಲೆ ಪೇಂಟು ಬಳಿದು, ಗೆರೆ ಸೇರಿಸಿದಳು. ವಾರ ಕಳೆದು ಮತ್ತೆ ಬಿಟ್ಟುಕೊಂಡಿತು. ಮತ್ತೆ ಸೇರಿಸಿದಳು. ಹೀಗೆ ಐದು ಸಲ. ಯಾರಿಗೂ ಹೇಳಲಿಲ್ಲ.

ಫೆಬ್ರುವರಿಯ ಕುಸಿತವಾದ ಮೇಲೆ ತಮ್ಮ ಕಚೇರಿಯಿಂದ ಒಬ್ಬ ತರುಣ ತಪಾಸಣಾಧಿಕಾರಿ ಬಂದರು. ಒಳ್ಳೆಯ ಹುಡುಗ, ಶೂ ಬಿಚ್ಚಿ ಒಳಗೆ ಬಂದರು. ಅಮ್ಮ ಕಾಫಿ ಕೊಟ್ಟಳು. ಹಿತ್ತಿಲಿಗೆ ಹೋಗಿ ರಂಗೋಲಿ ನೋಡಿ “ಎಂಥಾ ಸುಂದರ ಕಲೆ” ಎಂದು ಫೋಟೊ ತೆಗೆದುಕೊಂಡರು. ಅಮ್ಮ ಮೂರು ದಿನ ಬೀಗಿದಳು. ನಾಲ್ಕನೆಯ ದಿನ ತಮ್ಮ ವರದಿ ಬಂತು, ಜೊತೆಗೆ ಬಾಗಿಲಿಗೆ ಅಂಟಿಸಲು ಹಸಿರು ಚೀಟಿ: ವಾಸಕ್ಕೆ ಸುರಕ್ಷಿತ. ವರದಿಯ ನಾಲ್ಕನೆಯ ಚಿತ್ರ ಅಮ್ಮನ ರಂಗೋಲಿ. ಕೆಳಗೆ ಒಕ್ಕಣೆ: ‘ಹಿಂಬದಿ ಕಾಂಕ್ರೀಟಿನ ಮೇಲಿನ ಅಲಂಕಾರಿಕ ರೇಖೆಗಳು ಅಖಂಡವಾಗಿವೆ. ನೆಲದ ಚಲನೆಗೆ ಪುರಾವೆ ಇಲ್ಲ.’

ನಾನು ಅದನ್ನು ಓದಿ ಹೇಳಿದೆ. ಒಲೆ ಒರೆಸುತ್ತಿದ್ದ ಅಮ್ಮನ ಕೈ ನಿಂತಿತು.

“ಅಖಂಡ ಅಂದ್ರೆ? ಗೆರೆ ಕಡಿದಿಲ್ಲ ಅಂತಾನಾ?”

“ಹೂಂ. ಅದನ್ನ ನೋಡೇ ಮನೆ ಗಟ್ಟಿ ಇದೆ ಅಂತ ಬರೆದಿದಾರೆ.”

“ಅಯ್ಯೋ, ಕಡಿದಿತ್ತು ಕಣೇ! ನಾನೇ ಸೇರಿಸ್ತಿದ್ದೆ. ಎಳೇ ಮಗು ಇರೋ ಮನೇಲಿ ರಂಗೋಲಿ ಗೆರೆ ಕಡಿದು ಬಿದ್ದಿರಬಾರ್ದು ಅಂತ...” ಅಂದವಳು ಹಾಗೇ ನೆಲದ ಮೇಲೆ ಕೂತಳು.

ಸುಜಯ್ ಸ್ಕ್ರೂಡ್ರೈವರಿನಿಂದ ಪುಟ್ಟಿಯನ್ನು ಮೆಲ್ಲಗೆ ಎಬ್ಬಿಸಿದ. ಒಂದರ ಪಕ್ಕದಲ್ಲೊಂದು ಐದು ಪದರ, ಸೇರಿ ಒಂದು ಬೆರಳಿಗೂ ದಪ್ಪ. ಅಮ್ಮ ಗೆರೆ ಸೇರಿಸಿದ್ದಳೇ ಹೊರತು ಚುಕ್ಕಿ ಮುಟ್ಟಿರಲಿಲ್ಲ. ಉಳಿದೆಡೆಯಲ್ಲಿ ಚುಕ್ಕಿಯಿಂದ ಚುಕ್ಕಿಗೆ ನಾಲ್ಕು ಬೆರಳು. ಬಿರುಕಿನ ಆಚೀಚೆಯ ಚುಕ್ಕಿಗಳ ನಡುವೆ ಅವತ್ತು ಐದು ಬೆರಳು ದಾಟಿತ್ತು. ಕಾಲುವೆಯ ಕಡೆಯ ಅರ್ಧ ರಂಗೋಲಿ ಒಂದು ಗೋಧಿಕಾಳಿನಷ್ಟು ಕೆಳಗೂ ಇಳಿದಿತ್ತು. ತೊಟ್ಟಿಲಿದ್ದ ಕೋಣೆಯ ಗೋಡೆ ಅಲ್ಲಿಂದ ಒಂಬತ್ತು ಅಡಿ. ಅವತ್ತೇ ತೊಟ್ಟಿಲನ್ನು ಮುಂದಿನ ಹಾಲಿಗೆ, ಟಿವಿಯ ಪಕ್ಕಕ್ಕೆ ಸಾಗಿಸಿದೆವು.

ಇದನ್ನೆಲ್ಲ ಫೋಟೊ ಸಮೇತ ಬರೆದು ಕಳಿಸಿದೆ. ಮನುಷ್ಯರು ಉತ್ತರಿಸಿದ ಇಮೇಲು ಇದೇ. ‘ನಿವಾಸಿಗಳು ಮಾರ್ಪಡಿಸಿರುವ ಅಲಂಕಾರಿಕ ಚಿತ್ರವನ್ನು ನೆಲದ ಚಲನೆಗೆ ಪುರಾವೆಯೆಂದು ಪರಿಗಣಿಸಲಾಗದು. ಹಿಂದಿನ ವರದಿ ಊರ್ಜಿತದಲ್ಲಿರುತ್ತದೆ.’ ಮಾನ್ಯರೇ, ನಾನು ಇದನ್ನು ಇಪ್ಪತ್ತು ಸಲ ಓದಿದೆ, ನಿದ್ದೆಗೆಟ್ಟ ತಲೆ ಎಲ್ಲೋ ತಪ್ಪು ಓದುತ್ತಿದೆ ಎಂದುಕೊಂಡು. ಅಲಂಕಾರಿಕ ಚಿತ್ರವು ಮನೆ ಸುರಕ್ಷಿತ ಎಂದಾಗ ಪುರಾವೆ. ಮನೆ ಜಾರುತ್ತಿದೆ ಎಂದಾಗ ಅಲಂಕಾರ. ಅದೇ ರಂಗೋಲಿ, ಅದೇ ಅಮ್ಮ. ಒಬ್ಬ ಸಾಕ್ಷಿ ತಾನು ಮೊದಲು ಹೇಳಿದ್ದು ತಪ್ಪು ಎಂದು ತಾನೇ ಬಂದು ಹೇಳಿದರೆ, ಮೊದಲ ಮಾತನ್ನು ಮಾತ್ರ ಕಡತದಲ್ಲಿಟ್ಟುಕೊಂಡು ಸಾಕ್ಷಿಯನ್ನು ಹೊರಗೆ ಹಾಕುವುದು ಯಾವ ಕಾಲೇಜಿನಲ್ಲಿ ಕಲಿಸುವ ಇಂಜಿನಿಯರಿಂಗು?

ಈಗ ಮಾರ್ಚಿನಲ್ಲಿ ನಡೆದ ಸಭೆಯ ವಿಚಾರಕ್ಕೆ ಬರುತ್ತೇನೆ. ಗ್ರಂಥಾಲಯದ ಹಾಲಿನಲ್ಲಿ ತಾವೇ ಖುದ್ದಾಗಿ ಬಂದಿದ್ದಿರಿ. ಮಗುವನ್ನು ಎದೆಗೆ ಕಟ್ಟಿಕೊಂಡು ನಾನು, ಪಕ್ಕದಲ್ಲಿ ಅಪ್ಪಾಸಾಹೇಬ ಕಾಕಾ, ಎರಡನೆಯ ಸಾಲು. ಪರದೆಯ ಮೇಲೆ ತಮ್ಮ ಮೊದಲ ಚಿತ್ರ ಪನಾಮಾ ಕಾಲುವೆ. ಸಮುದ್ರದಿಂದ ಸಮುದ್ರಕ್ಕೆ ಹೋಗುವ ಆನೆಗಾತ್ರದ ಹಡಗು. “ಪನಾಮಾದಲ್ಲೂ ಗುಡ್ಡ ಕುಸಿದಿತ್ತು. ಹೆದರಿ ಕೈಬಿಟ್ಟಿದ್ದರೆ ಜಗತ್ತಿಗೆ ಆ ಕಾಲುವೆ ಇರುತ್ತಿತ್ತೇ?” ಎಂದಿರಿ. ನಾಲ್ಕು ಜನ ಚಪ್ಪಾಳೆಯನ್ನೂ ತಟ್ಟಿದರು. ನಮ್ಮ ಬಾತುಕೋಳಿ ನಡೆದಾಡುವ ಕಾಲುವೆಗೆ ಅಂಥ ಬಂಧುಬಳಗವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾಕಾ ಎದ್ದು ಬರುವಷ್ಟು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಎದುರು ದಂಡೆ ಯಾಕೆ ಕಡಿಯಬಾರದು? ಅದು ಈ ಸಭೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ಮಳೆಗಾಲ ಮುಗಿಯುತ್ತಿದೆ, ಒಣ ಮಣ್ಣು ಕದಲುವುದಿಲ್ಲ, ಮೇ ಮೊದಲ ಸೋಮವಾರದಿಂದ ಇನ್ನೂ ಹನ್ನೆರಡು ಅಡಿ ಕಡಿಯುತ್ತೇವೆ ಎಂದೂ ಹೇಳಿದಿರಿ. ಕಾಕಾ ಕೂತು ನನ್ನ ಕಿವಿಯಲ್ಲಿ, “ಏನವ್ವಾ, ಈ ಮನಶ್ಯಾ ಗುಡ್ಡದ ಕಾಲ ತಾನ ಕಡದು, ಗುಡ್ಡಕ್ಕ ಕುಂದರಬ್ಯಾಡ ಅಂತ ಬುದ್ಧಿ ಹೇಳಾಕತ್ತಾನಲ್ಲ!” ಅಂದರು. ಮಗು ನಕ್ಕಿತು. ಇಡೀ ಸಭೆಯಲ್ಲಿ ತಮ್ಮ ಯೋಜನೆಯನ್ನು ಸರಿಯಾಗಿ ಅರ್ಥಮಾಡಿಕೊಂಡಿದ್ದು ಅದೊಂದೇ ಇರಬೇಕು.

ಮನೆಗೆ ಬಂದು ಹಾಲೂಡಿಸುತ್ತ ನಾನು ಪನಾಮಾದ ವಿಷಯ ಓದಲು ಕೂತೆ. ನಾನು ಓದಿದ್ದು ಬಿ.ಕಾಂ., ಮಣ್ಣಿನ ಶಾಸ್ತ್ರವಲ್ಲ. ಆದರೆ ಬಲಗೈಯಲ್ಲಿ ಮಗು, ಎಡಗೈಯಲ್ಲಿ ಫೋನು ಹಿಡಿದು ದಿನಕ್ಕೆ ಎಂಟು ಸಲ ಕೂರುವವಳಿಗೆ ಓದಲು ಎಷ್ಟು ವೇಳೆ ಸಿಗುತ್ತದೆ ಎಂದು ತಾವು ಅಂದಾಜು ಮಾಡಿರಲಾರಿರಿ. ತಮ್ಮ ಚಿತ್ರ ತೋರಿಸದೆ ಬಿಟ್ಟದ್ದು ಇಷ್ಟು. ಮೊದಲು ಫ್ರೆಂಚರು ತೋಡಿದರು, ಗುಡ್ಡ ಜಾರಿತು. ಆಮೇಲೆ ಅಮೆರಿಕನ್ನರು ತೋಡಿದರು, ಗುಡ್ಡ ಜಾರಿತು. ಬಿದ್ದ ಮಣ್ಣನ್ನು ಎತ್ತಿದಷ್ಟೂ ಮೇಲಿನದು ಇಳಿದು ಬಂತು. ಉಗಿಯಂತ್ರಗಳೂ ರೈಲು ಹಳಿಗಳೂ ಹೂತುಹೋದವು. ಒಂದೊಂದು ಕಡೆ ತೋಡಿದ ತಳವೇ ಉಬ್ಬಿ ಮೇಲೆದ್ದಿತು. ಕೊನೆಗೆ ಇಳಿಜಾರನ್ನು ಹಿಂದಕ್ಕೆ ಹಿಂದಕ್ಕೆ ಮಲಗಿಸುತ್ತ ಹೋಗಿ, ಕಣಿವೆಯ ಮೇಲಿನ ಅಗಲ ಮೊದಲ ನಕ್ಷೆಗಿಂತ ಎರಡು ಪಟ್ಟು ಮೀರಿತು. ಇಷ್ಟಾಗಿ, ಕಾಲುವೆ ತೆರೆದ ಮರುವರ್ಷವೇ ಗುಡ್ಡ ಮತ್ತೆ ಬಂದು ಕೂತು ತಿಂಗಳುಗಟ್ಟಲೆ ಹಡಗುಗಳನ್ನು ನಿಲ್ಲಿಸಿತು. ಅಗೆದವರಲ್ಲಿ ಬಹುಪಾಲು ಕೆರಿಬಿಯನ್ ದ್ವೀಪಗಳಿಂದ ಬಂದ ಕೂಲಿಗಳು, ಸತ್ತವರು ಸಾವಿರಾರು. ಅವರು ತಮ್ಮ ಪರದೆಯ ಮೇಲೆ ಬರಲಿಲ್ಲ, ಹಡಗು ಬಂತು.

ಇನ್ನೂ ಒಂದು ಮಾತಿದೆ. ಆ ಕಣಿವೆಯ ಅಂಚಿನಲ್ಲಿ ಕುಲೆಬ್ರಾ ಎಂಬ ಊರಿತ್ತು. ನೆಲ ಬಿರಿಯುತ್ತ ಬಂದು, ಅಂಚಿನ ಕಟ್ಟಡಗಳನ್ನು ಕಳಚಬೇಕಾಯಿತು, ಸಾಗಿಸಬೇಕಾಯಿತು. ತಮ್ಮ ಹೋಲಿಕೆಯನ್ನು ನಾನು ಗೌರವದಿಂದ ಒಪ್ಪುತ್ತೇನೆ. ಹಾಗಾದರೆ ನಾವು ಆ ಊರು. ಇದನ್ನು ತಾವು ಸಭೆಯಲ್ಲೇ ಹೇಳಿದ್ದರೆ ಆ ನಾಲ್ಕು ಜನ ಚಪ್ಪಾಳೆ ತಟ್ಟುವ ಮೊದಲು ತಂತಮ್ಮ ಮನೆ ಎಲ್ಲಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದರಲ್ಲವೇ?

ಸುಜಯ್ ಮೊದಲೆಲ್ಲ, “ಅವರೂ ಇಂಜಿನಿಯರ್ಸೇ ಅಲ್ವೇನೆ, ಡೇಟಾ ನೋಡಿದ್ರೆ ಅರ್ಥ ಆಗತ್ತೆ” ಅನ್ನುತ್ತಿದ್ದ. ಹಾಗಾಗಿ ಡೇಟಾ ಮಾಡಿದೆವು. ಕಾಕಾ ದಿನಾ ಬೆಳಗ್ಗೆ ತಮ್ಮ ಹಳೆಯ ಸ್ಟೀಲ್ ಟೇಪು ಹಿಡಿದು ಬರುತ್ತಾರೆ. ಅಮ್ಮ ಚುಕ್ಕಿ ತೋರಿಸುತ್ತಾಳೆ, ಅವರು ಅಳೆಯುತ್ತಾರೆ, ನಾನು ಮಗುವಿನ ಹಾಲು-ನಿದ್ದೆ ಬರೆಯುವ ಪುಸ್ತಕದಲ್ಲೇ ಪಕ್ಕದ ಕಾಲಮ್ಮಿನಲ್ಲಿ ಬರೆಯುತ್ತೇನೆ. ಮಳೆ ನಿಂತು ಮೂರು ವಾರವಾಯಿತು. ಒಣ ಮಣ್ಣು ಕದಲುವುದಿಲ್ಲ ಎಂದಿದ್ದಿರಲ್ಲ? ಮಳೆ ನಿಂತಿದೆ, ಚುಕ್ಕಿ ನಿಂತಿಲ್ಲ. ಮೊನ್ನೆಗೆ ಆರು ಬೆರಳು. ಪುಸ್ತಕ ನೋಡಿ ಸುಜಯ್ ಈಗ ಡೇಟಾ ಎಂಬ ಮಾತೆತ್ತುವುದಿಲ್ಲ. ಬಾಡಿಗೆ ಮನೆಗಳ ಪಟ್ಟಿ ನೋಡುತ್ತಾನೆ.

ನನ್ನ ಅಮ್ಮನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಅವಳು ಮಾಡಿದ್ದೂ ತಾವು ಮಾಡುತ್ತಿರುವುದೂ ಒಂದೇ ಕೆಲಸ. ಬಿಟ್ಟ ಕಡೆ ಮೆತ್ತುವುದು, ಗೆರೆ ಮತ್ತೆ ಇದ್ದಲ್ಲಿಗೇ ಎಳೆಯುವುದು, ಎಲ್ಲ ಅಖಂಡವಾಗಿದೆ ಎಂದುಕೊಳ್ಳುವುದು. ಅವಳ ಹತ್ತಿರ ಇದ್ದದ್ದು ಅಂಗೈಯಗಲದ ಪುಟ್ಟಿ ಡಬ್ಬ, ತಮ್ಮ ಹತ್ತಿರ ಮೂವತ್ತು ಟನ್ನಿನ ಯಂತ್ರ. ಅವಳು ಮೊಮ್ಮಗಳಿಗೆ ಕೆಟ್ಟದಾಗಬಾರದೆಂದು ಮಾಡಿದಳು. ತಾವು ಯಾರಿಗಾಗಿ ಮಾಡುತ್ತಿದ್ದೀರಿ? ಇನ್ನೊಂದು ವ್ಯತ್ಯಾಸ: ತಿಳಿದ ದಿನ ಅವಳು ನೆಲದ ಮೇಲೆ ಕೂತಳು, ಮರುದಿನ ನಿಲ್ಲಿಸಿದಳು.

ಆದ್ದರಿಂದ ನನ್ನ ಬೇಡಿಕೆ. ಮೇ ಮೊದಲ ಸೋಮವಾರ ನಮ್ಮ ದಂಡೆಯ ಮೇಲೆ ಯಂತ್ರ ಇಳಿಯಕೂಡದು. ಕಡಿದ ಬುಡಕ್ಕೆ ಮುಂದಿನ ಮಳೆಗಾಲದೊಳಗೆ ಕಲ್ಲಿನ ಒತ್ತು ಕೊಡಬೇಕು. ಕಾಲುವೆ ಅಗಲವಾಗಲಿ, ಖಾಲಿ ಪಾರ್ಕಿಂಗಿನ ಕಡೆಗೆ ಆಗಲಿ. ಮತ್ತು ನಾಲ್ಕನೆಯ ಚಿತ್ರದ ಕೆಳಗಿನ ಒಕ್ಕಣೆಯನ್ನು ತಿದ್ದಿ, ನನ್ನ ಪುಸ್ತಕದ ಅಳತೆಗಳನ್ನು ಕಡತಕ್ಕೆ ಸೇರಿಸಬೇಕು. ನಮ್ಮ ಅಳತೆ ನಂಬದಿದ್ದರೆ ತಮ್ಮದೇ ಉಪಕರಣ ತಂದು ನೆಡಿ. ಆ ತರುಣರನ್ನೇ ಕಳಿಸಿ, ಕಾಫಿ ಈಗಲೂ ಸಿಗುತ್ತದೆ.

ಅಮ್ಮ ಈ ಭಾನುವಾರ ಮೈಸೂರಿಗೆ ಹೊರಡುತ್ತಾಳೆ. ನಿನ್ನೆ ಬೆಳಗ್ಗೆ ಬಿರುಕಿನ ಉದ್ದಕ್ಕೂ, ಈಚೆಗೊಂದು ಆಚೆಗೊಂದರಂತೆ ಹೊಸದಾಗಿ ಏಳು ಜೊತೆ ಚುಕ್ಕಿ ಇಟ್ಟಳು. ಎಲ್ಲ ನಾಲ್ಕು ಬೆರಳು. ಪಕ್ಕದಲ್ಲಿ ತಾರೀಖು ಬರೆದಳು. ಗೆರೆ ಎಳೆಯಲಿಲ್ಲ. ಆಮೇಲೆ ಪೇಂಟಿನ ಡಬ್ಬವನ್ನೂ ಪುಟ್ಟಿಯನ್ನೂ ತಂದು ನನ್ನ ಕೈಗೆ ಕೊಟ್ಟು, “ಇದನ್ನ ನನಗೆ ಸಿಗದ ಹಾಗೆ ಬಚ್ಚಿಡು. ಬರೀ ಚುಕ್ಕಿ ನೋಡ್ತಾ ಇದ್ರೆ ಕೈ ಸುಮ್ನಿರಲ್ಲ ನನಗೆ” ಅಂದಳು. ಅರವತ್ತು ವರ್ಷ ಗೆರೆ ಸೇರಿಸಿದ ಕೈ, ಅದರ ಮೇಲೆ ಅವಳಿಗೇ ನಂಬಿಕೆಯಿಲ್ಲ. ಡಬ್ಬ ಈಗ ನನ್ನ ಬೀರುವಿನಲ್ಲಿದೆ, ಮಗುವಿನ ಚಿಕ್ಕದಾದ ಬಟ್ಟೆಗಳ ಕೆಳಗೆ.

ತಮ್ಮ ಯಂತ್ರದ ಕೀಲಿಕೈ ಯಾರ ಬಳಿ ಇದೆ, ದಯವಿಟ್ಟು ತಿಳಿಸುವಿರಾ?

ಇಂತಿ,
ಬಾಗಿಲಿಗೆ ಹಸಿರು ಚೀಟಿ, ಹಾಲಿನಲ್ಲಿ ತೊಟ್ಟಿಲು ಇಟ್ಟುಕೊಂಡು,
ತಮ್ಮ ದಾಖಲೆಯ ಪ್ರಕಾರ ಸುರಕ್ಷಿತವಾಗಿರುವ,
ಹರಿಪ್ರಿಯಾ
(ನಕ್ಷತ್ರ: ಐದರಲ್ಲಿ ಒಂದು. ಅದು ಶೂ ಬಿಚ್ಚಿ ಒಳಗೆ ಬಂದ ಹುಡುಗನಿಗೆ.)